ಎಸ್. ೭೯೫: ಒಂದು ಕಾಫಿ ತಳಿಯ ಕುಲವೃತ್ತಾಂತ

ಬಿಯರ್ ನಮ್ಮ ಮನೆಗಳ ಪಾನೀಯವಲ್ಲ. ಆದರೂ ಅದನ್ನು ಕುಡಿಯುವ ನಾಡುಗಳಲ್ಲಿರುವ ಒಂದು ವಾಡಿಕೆ ನಮ್ಮ ಗಮನಕ್ಕೆ ಯೋಗ್ಯವಾದುದು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡತಕ್ಕದ್ದು ಹಾಪ್ ಎಂಬ ಬಳ್ಳಿಯ ಹೆಣ್ಣು ಹೂವಿನ ಗೊನೆ. ಈ ಬಳ್ಳಿಯಲ್ಲಿ ಅನೇಕ ತಳಿಗಳುಂಟು: ಬೊಹಿಮಿಯದ ಸಾಟ್ಸ್, ಇಂಗ್ಲೆಂಡಿನ ಗೋಲ್ಡಿಂಗ್ ಮತ್ತು ಫಗ್ಲ್, ಇನ್ನೂ ಎಷ್ಟೋ. ಒಂದೊಂದಕ್ಕೂ ಒಂದೊಂದು ಸೀಮೆ, ಒಂದೊಂದು ವಾಸನೆ, ಒಂದೊಂದು ಚರಿತ್ರೆ. ಅಲ್ಲಿಯ ರಸಿಕನು ತನ್ನ ಲೋಟದೊಳಗಿನ ಹಾಪಿನ ಹೆಸರನ್ನು ಬಲ್ಲವನಾಗಿರುತ್ತಾನೆ; ಬಲ್ಲೆನೆಂದು ಸ್ವಲ್ಪ ಹೆಮ್ಮೆಯನ್ನೂ ಪಡುತ್ತಾನೆ.

ನಾವಾದರೋ ಬೆಳಗಿನ ಕಾಫಿ ತಡವಾದರೆ ಲೋಕವೇ ನಿಂತುಹೋಯಿತೆಂದು ಭಾವಿಸುವ ಜನ. ಆದರೆ ಆ ಕಾಫಿ ಯಾವ ತಳಿಯದೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಪುಡಿಯ ಅಂಗಡಿಯಲ್ಲಿ ನಿಂತು, ಪೀಬೆರಿ ಇಷ್ಟು, ಪ್ಲಾಂಟೇಶನ್ ‘ಎ’ ಇಷ್ಟು, ಚಿಕೋರಿ ಇಷ್ಟು ಎಂದು ಲೆಕ್ಕ ಹೇಳುತ್ತೇವೆ. ಇವುಗಳಲ್ಲಿ ಒಂದೂ ತಳಿಯ ಹೆಸರಲ್ಲ. ಪೀಬೆರಿ ಎಂಬುದು ಬೀಜದ ಆಕಾರ: ಹಣ್ಣಿನೊಳಗೆ ಎರಡು ಬೀಜಗಳಿರಬೇಕಾದಲ್ಲಿ ಒಂದೇ ಬೆಳೆದು ಗುಂಡಗಾದುದು. ಪ್ಲಾಂಟೇಶನ್ ಎಂಬುದು ಸಂಸ್ಕಾರದ ಹೆಸರು: ಹಣ್ಣಿನ ಸಿಪ್ಪೆಯನ್ನು ಸುಲಿದು, ತೊಳೆದು, ಒಣಗಿಸಿದ ಅರಬಿಕ. ‘ಎ’ ಎಂಬುದು ಜರಡಿಯ ಅಳತೆ. ಚಿಕೋರಿಯಂತೂ ಕಾಫಿಯೇ ಅಲ್ಲ, ಅದೊಂದು ಗಡ್ಡೆ.

ಹೀಗೆ ಹೆಸರಿಲ್ಲದೆ ನಮ್ಮ ಬಟ್ಟಲಿಗೆ ಬಂದು ಹೋಗುತ್ತಿರುವ ತಳಿಗಳಲ್ಲಿ ಒಂದರ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಅದರ ಹೆಸರು ಎಸ್. ೭೯೫. ಹೆಸರೆಂದು ಹೇಳುವುದಕ್ಕೂ ಸಂಕೋಚವಾಗುತ್ತದೆ; ಅದು ಪ್ರಯೋಗಕ್ಷೇತ್ರದ ದಫ್ತರಿನಲ್ಲಿ ಬಿದ್ದ ಒಂದು ಅಂಕೆ. ‘ಎಸ್’ ಎಂದರೆ ಆಯ್ಕೆ. ಬಾಳೆಹೊನ್ನೂರಿನಲ್ಲಿ ಹುಟ್ಟಿ, ಕೊಡಗಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಬೇರೂರಿ, ಸಮುದ್ರವನ್ನು ದಾಟಿ ಜಾವಾ ದ್ವೀಪವನ್ನು ಸೇರಿದ ಗಿಡಕ್ಕೆ ಇಷ್ಟು ಒಣಗಲು ಹೆಸರು ಸಾಕೆಂದು ಅದನ್ನು ಸಾಕಿದ ಪಂಡಿತರಿಗೆ ತೋರಿತು. ತೋಟದ ಆಳುಗಳು ಅದನ್ನು ‘ಏಳ್ನೂರ ತೊಂಬತ್ತೈದು’ ಎನ್ನುತ್ತಾರೆ.

ಈ ಗಿಡದ ಹುಟ್ಟಿಗೆ ಕಾರಣವಾದ ಪೀಡೆಯನ್ನು ಅರಿಯಬೇಕಾದರೆ ಮಳೆಯ ಸೀಮೆಗೆ ಹೋಗಬೇಕು. ಭಾಗಮಂಡಲವನ್ನು ನಮ್ಮಲ್ಲಿ ಅನೇಕರು ತುಲಾ ಸಂಕ್ರಮಣದ ನೆವದಿಂದ ಬಲ್ಲರು. ಬ್ರಹ್ಮಗಿರಿಯ ಮಗ್ಗುಲಲ್ಲಿ ಹುಟ್ಟಿದ ಕಾವೇರಿ ಇಳಿದುಬಂದು ಇಲ್ಲಿ ಕನ್ನಿಕೆಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರಿ ತ್ರಿವೇಣಿಯಾಗುತ್ತದೆಂದು ಶ್ರದ್ಧಾವಂತರು ಹೇಳುತ್ತಾರೆ. ಅಕ್ಟೋಬರಿನಲ್ಲಿ ಸ್ನಾನಕ್ಕೆ ಹೋದವರು ಕಾಣುವುದು ತಿಳಿಯಾದ ನೀರು, ಹಸುರು ಬೆಟ್ಟ. ಕಕ್ಕಡ ಮಾಸದಲ್ಲಿ ಹೋದವರು ಕಾಣುವ ಭಾಗಮಂಡಲವೇ ಬೇರೆ: ಹೊಳೆ ಉಕ್ಕಿ ದಾರಿಯನ್ನು ಮುಚ್ಚುತ್ತದೆ, ವರ್ಷಕ್ಕೆ ೫೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ಈ ಸೀಮೆಯಲ್ಲಿ ಅಪೂರ್ವವಲ್ಲ. ಬೆಂಗಳೂರಿನ ಮಳೆ ಅದರ ಐದನೆಯ ಒಂದು ಪಾಲಿಗೂ ಬಾರದು.

ಹಾಪ್ ಬಳ್ಳಿಯನ್ನು ಇಲ್ಲಿ ನೆಟ್ಟರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ತಂಪು ಬೆಟ್ಟ, ಫಲವತ್ತಾದ ಮಣ್ಣು, ಮೆಣಸಿನ ಬಳ್ಳಿಯೂ ಸೊಗಸಾಗಿ ಹಬ್ಬುತ್ತದೆಯಲ್ಲ ಎಂಬುದು ಅವರ ವಾದ. ಆದರೆ ಹಾಪಿಗೆ ಬೇಕಾದುದು ಮಳೆಗಿಂತ ಹೆಚ್ಚಾಗಿ ಹಗಲು. ಅದು ಸ್ವಭಾವತಃ ಉತ್ತರ ದೇಶದ ಬಳ್ಳಿ. ಬೇಸಗೆಯಲ್ಲಿ ಹಗಲು ಹದಿನೈದು ಹದಿನಾರು ಗಂಟೆ ನೀಳವಾದರೆ ಮಾತ್ರ ಎತ್ತರಕ್ಕೆ ಬೆಳೆದು ಧಾರಾಳವಾಗಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಗಾಢವಾಗಿ ನಿದ್ರಿಸಬೇಕೆನ್ನುತ್ತದೆ. ಭಾಗಮಂಡಲದಲ್ಲಿ ವರ್ಷದ ಅತಿ ದೀರ್ಘವಾದ ಹಗಲೂ ೧೩ ಗಂಟೆಯನ್ನು ಮುಟ್ಟುವುದಿಲ್ಲ. ಆದುದರಿಂದ ಭಾರತದಲ್ಲಿ ಹಾಪನ್ನು ಬೆಳೆದದ್ದು ಕಾಶ್ಮೀರ, ಹಿಮಾಚಲದ ಲಾಹೌಲ್ ಮುಂತಾದ ಉತ್ತರದ ಕಣಿವೆಗಳಲ್ಲಿ. ಕಾಫಿಗೆ ಈ ತಕರಾರಿಲ್ಲ. ಅದು ಇಥಿಯೋಪಿಯದ ನೈಋತ್ಯ ಭಾಗದ ಎತ್ತರವಾದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಹುಟ್ಟಿದ ಗಿಡ. ಹಗಲಿರುಳುಗಳು ಸರಿಸಮನಾಗಿರುವ ಸೀಮೆಯೇ ಅದಕ್ಕೆ ತವರು. ಕೊಡಗಿನ ನೆರಳು ಅದಕ್ಕೆ ಒಗ್ಗಿತು. ಒಗ್ಗದೆ ಹೋದದ್ದು ಆ ನೆರಳಿನ ತೇವದಲ್ಲಿ ಬಲಿಯುವ ಒಂದು ಬೂಷ್ಟು.

ಕಾಫಿ ನಮ್ಮ ನಾಡಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮಕ್ಕಾಯಾತ್ರೆಯಿಂದ ಹಿಂದಿರುಗುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯ. ಕೊಡಗಿನಲ್ಲಿ ಫೌಲರ್ ಎಂಬ ಆಂಗ್ಲನು ೧೮೫೪ರಲ್ಲಿ ಮಡಿಕೇರಿಯ ಬಳಿ ತೋಟವನ್ನು ತೆರೆದನು. ಅಲ್ಲಿಂದ ಮುಂದೆ ಕಾಡು ಕಡಿದು ಕಾಫಿ ನೆಡುವುದು ಒಂದು ಜ್ವರದಂತೆ ಹಬ್ಬಿತು. ಆ ಕಾಲದ ಗಿಡಕ್ಕೆ ‘ಚಿಕ್’ ಎಂದು ಹೆಸರು. ಚಿಕ್ಕಮಗಳೂರಿನ ಹೆಸರನ್ನೇ ದೊರೆಗಳು ಕತ್ತರಿಸಿ ಇಟ್ಟದ್ದು. ಸೊಗಸಾದ ರುಚಿ ಎಂದು ಲಂಡನ್ನಿನ ಪೇಟೆಯಲ್ಲಿ ಕೀರ್ತಿ ಪಡೆದಿತ್ತು. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳು ಅದನ್ನು ಹಿಡಿಯಿತು. ಅದರ ಬೆನ್ನಿಗೇ ಎಲೆತುಕ್ಕು ಬಂದಿತು.

ಎಲೆತುಕ್ಕಿನ ಬಗೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಎಲೆಯ ಅಡಿಮೈಯಲ್ಲಿ ಮೊದಲು ನಸುಹಳದಿಯ ಚುಕ್ಕೆ ಕಾಣುತ್ತದೆ. ಕೆಲವು ದಿನಗಳಲ್ಲಿ ಆ ಚುಕ್ಕೆಯ ಮೇಲೆ ಕಿತ್ತಳೆ ಬಣ್ಣದ ಹುಡಿ ಏಳುತ್ತದೆ. ಬೆರಳಿನಿಂದ ಒರೆಸಿದರೆ ಕುಂಕುಮದ ಭರಣಿಯಲ್ಲಿ ಅದ್ದಿದಂತೆ ಹತ್ತುತ್ತದೆ. ಆ ಹುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂತ್ರಪಿಂಡದ ಆಕಾರ. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಮುಳ್ಳುಮುಳ್ಳು. ಸಿಂಹಳದಿಂದ ಕಳುಹಿಸಿದ ರೋಗದ ಎಲೆಗಳನ್ನು ಪರೀಕ್ಷಿಸಿ ೧೮೬೯ರಲ್ಲಿ ಇದನ್ನು ವರ್ಣಿಸಿದ ಬರ್ಕ್ಲಿ ಎಂಬ ಶಿಲೀಂಧ್ರಶಾಸ್ತ್ರಜ್ಞನು, ಅರ್ಧ ನುಣುಪಾದದ್ದೆಂದು ಅರ್ಥ ಬರುವ ‘ಹೆಮಿಲಿಯ’ ಎಂಬ ಹೆಸರಿಗೆ ಹಾಳುಗೆಡಹುವುದೆಂಬ ವಿಶೇಷಣವನ್ನು ಸೇರಿಸಿ ‘ಹೆಮಿಲಿಯ ವಾಸ್ಟಾಟ್ರಿಕ್ಸ್’ ಎಂದು ಕರೆದನು. ವಿಶೇಷಣ ಸುಳ್ಳಾಗಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಸಿಂಹಳದ ಕಾಫಿ ನಿರ್ನಾಮವಾಗಿ, ಆ ದ್ವೀಪವೇ ಚಹದ ದ್ವೀಪವಾಯಿತು.

ಈ ಬೀಜಾಣು ಮೊಳೆಯಬೇಕಾದರೆ ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ನೀರಿನ ಹನಿ ನಿಂತಿರಬೇಕು. ಮೊಳೆತ ಎಳೆ ಎಲೆಯ ಅಡಿಯಲ್ಲಿರುವ ಉಸಿರುಗಂಡಿಗಳ ಮೂಲಕ ಒಳನುಗ್ಗಿ, ಕೆಲವು ವಾರ ಗುಪ್ತವಾಗಿದ್ದು, ಬಳಿಕ ಹೊಸ ಹುಡಿಯನ್ನು ಹೊರಚೆಲ್ಲುತ್ತದೆ. ಭಾಗಮಂಡಲದಂಥ ಸೀಮೆಯಲ್ಲಿ ಜುಲೈ ತಿಂಗಳ ಜಡಿಮಳೆಯೇ ರೋಗವನ್ನು ಹೆಚ್ಚಿಸುತ್ತದೆಂದು ಹೊರಗಿನವರು ಊಹಿಸುವರು. ವಾಸ್ತವ ಹಾಗಿಲ್ಲ. ಧಾರಾಕಾರವಾದ ಮಳೆ ಹುಡಿಯನ್ನು ತೊಳೆದುಬಿಡುತ್ತದೆ. ಮುಂಗಾರಿಗೆ ಮೊದಲಿನ ಬಿಡಿಮಳೆಯೂ, ಮಳೆಗಾಲ ಹಿಂದೆಗೆಯುವಾಗ ಬಿಸಿಲೂ ಹನಿಯೂ ಬೆರೆತು ಬರುವ ದಿನಗಳೂ ಈ ಬೂಷ್ಟಿಗೆ ಸುಗ್ಗಿ. ಆಗ ಎಲೆ ಉದುರುತ್ತದೆ. ಎಲೆ ಉದುರಿದ ರೆಂಬೆ ಒಣಗುತ್ತದೆ. ಆ ವರ್ಷದ ಕಾಯಿ ಜೊಳ್ಳಾಗುವುದಲ್ಲದೆ, ಬರುವ ವರ್ಷ ಹೂ ಬಿಡಬೇಕಾದ ಕಡ್ಡಿಯೇ ಇಲ್ಲದಂತಾಗುತ್ತದೆ. ಒಂದು ವರ್ಷದ ರೋಗಕ್ಕೆ ಎರಡು ವರ್ಷದ ದಂಡ.

ಚಿಕ್ ತಳಿ ಸೋತ ಮೇಲೆ ತೋಟಗಾರರು ಕೊಡಗಿನ ಹೆಸರನ್ನೇ ಹೊತ್ತ ‘ಕೂರ್ಗ್’ ತಳಿಯನ್ನು ನೆಟ್ಟರು. ಅದು ಕೆಲವು ದಶಕ ಚೆನ್ನಾಗಿ ನಿಂತು ಕ್ರಮೇಣ ತುಕ್ಕಿಗೆ ತಲೆಬಾಗಿತು. ಆಗ, ೧೯೧೧ರ ಸುಮಾರಿನಲ್ಲಿ, ಮೈಸೂರು ಸೀಮೆಯ ದೊಡ್ಡೆನಗುಡ್ಡ ತೋಟದಲ್ಲಿ ಕೆಂಟ್ ಎಂಬ ತೋಟಗಾರನು ರೋಗದ ನಡುವೆ ಹಸುರಾಗಿ ನಿಂತಿದ್ದ ಗಿಡವನ್ನು ಗುರುತಿಸಿ, ಅದರ ಬೀಜವನ್ನು ಕಾಯ್ದುಕೊಂಡನು. ಇದೇ ‘ಕೆಂಟ್ಸ್’ ತಳಿ. ಇಂಗ್ಲೆಂಡಿನ ಹಾಪ್ ತೋಟಗಳಿಗೆ ಪ್ರಸಿದ್ಧವಾದ ಪ್ರಾಂತಕ್ಕೂ ಕೆಂಟ್ ಎಂದೇ ಹೆಸರಿರುವುದು ಕೇವಲ ಕಾಕತಾಳೀಯ. ಪ್ರಾಂತಕ್ಕೂ ನಮ್ಮ ಕಾಫಿಗೂ ನಂಟಿಲ್ಲ, ಇದು ಮನುಷ್ಯನ ಹೆಸರು. ಪಂಡಿತನಲ್ಲದ ಒಬ್ಬ ತೋಟಗಾರನು ಕಣ್ಣು ತೆರೆದು ನಡೆದಾಡಿದ್ದರಿಂದ ದೊರೆತ ಈ ತಳಿ ಮುಂದೆ ಆಫ್ರಿಕದ ತೋಟಗಳಿಗೂ ಹೋಯಿತು. ಬೀಜ ದಪ್ಪ, ರುಚಿ ಒಳ್ಳೆಯದು, ತುಕ್ಕಿಲ್ಲ. ಇನ್ನೇನು ಬೇಕೆಂದು ತೋಟಗಾರರು ನಿಟ್ಟುಸಿರು ಬಿಟ್ಟರು. ಹತ್ತಾರು ವರ್ಷದೊಳಗೆ ಕೆಂಟ್ಸ್ ಗಿಡದ ಎಲೆಯ ಕೆಳಗೂ ಕಿತ್ತಳೆ ಹುಡಿ ಕಾಣಿಸಿತು.

ಇದೇಕೆ ಹೀಗಾಗುತ್ತದೆ? ಇದಕ್ಕೆ ಉತ್ತರ ದೊರೆತದ್ದು ನಮ್ಮ ನಾಡಿನಲ್ಲಿಯೇ ಎಂಬುದು ಕನ್ನಡಿಗರಿಗೆ ತಿಳಿದಿರಬೇಕಾದ ಸಂಗತಿ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಲೆಸ್ಲಿ ಕೋಲ್ಮನ್ ಕೆನಡಾ ದೇಶದವರು. ೧೯೦೮ರಲ್ಲಿ ಇಲ್ಲಿಗೆ ಬಂದು, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅಡಿಕೆಗೊನೆಗೆ ಮೈಲುತುತ್ತದ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದವರು. ಅವರ ಪ್ರಯತ್ನದಿಂದ ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರ ಸ್ಥಾಪಿತವಾಯಿತು. ಅಲ್ಲಿ ಕೆಲಸಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ ೧೯೩೨ರಲ್ಲಿ ಒಂದು ಮುಖ್ಯ ವಿಷಯವನ್ನು ಪ್ರಕಟಪಡಿಸಿದರು. ತುಕ್ಕಿನ ಬೂಷ್ಟು ನೋಡುವುದಕ್ಕೆ ಒಂದೇ ಆದರೂ ಅದರಲ್ಲಿ ಬೇರೆ ಬೇರೆ ವಂಶಗಳಿವೆ. ಕೂರ್ಗ್ ತಳಿಯನ್ನು ತಿನ್ನುವ ವಂಶಕ್ಕೆ ಕೆಂಟ್ಸ್ ತಳಿಯ ಬಾಗಿಲು ತೆರೆಯದು, ಕೆಂಟ್ಸಿನ ಬಾಗಿಲನ್ನು ತೆರೆಯಬಲ್ಲ ವಂಶ ಬೇರೆ ಇದೆ ಎಂಬುದೇ ಆ ವಿಷಯ.

ಬೀಗಕ್ಕೂ ಬೀಗದ ಕೈಗೂ ಇರುವ ಸಂಬಂಧವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಗಿಡದಲ್ಲಿ ಒಂದು ಬೀಗವಿದೆ. ಅದಕ್ಕೆ ಸರಿಯಾದ ಕೈ ಇರುವ ಬೂಷ್ಟು ಮಾತ್ರ ಒಳಹೋಗಬಲ್ಲುದು. ಹೊಸ ಬೀಗದ ಗಿಡವನ್ನು ಸಾವಿರಾರು ಎಕರೆ ನೆಟ್ಟಾಗ, ಕೋಟ್ಯಂತರ ಬೀಜಾಣುಗಳಲ್ಲಿ ಎಲ್ಲೋ ಒಂದಕ್ಕೆ ದೈವವಶಾತ್ ಆ ಕೈ ದೊರಕುತ್ತದೆ. ಉಳಿದವಕ್ಕೆ ಉಪವಾಸ, ಅದೊಂದಕ್ಕೆ ಮೃಷ್ಟಾನ್ನ. ಕೆಲವೇ ವರ್ಷಗಳಲ್ಲಿ ಆ ವಂಶವೇ ಸೀಮೆಯನ್ನೆಲ್ಲ ತುಂಬುತ್ತದೆ. ತಳಿ ದುರ್ಬಲವಾಯಿತೆಂದು ಜನ ಹೇಳುವರು. ದುರ್ಬಲವಾದದ್ದು ತಳಿಯಲ್ಲ, ಕಳ್ಳನು ಜಾಣನಾದನು.

ಬಾಳೆಹೊನ್ನೂರಿನವರು ಒಂದು ಬೀಗ ಸಾಲದು, ಇನ್ನೊಂದು ಬೇಕೆಂದು ನಿಶ್ಚಯಿಸಿದರು. ಅದು ಸಿಕ್ಕಿದ್ದು ಅನಿರೀಕ್ಷಿತವಾದ ಕಡೆಯಲ್ಲಿ. ಅರಬಿಕವಲ್ಲದೆ ಲೈಬೀರಿಕ ಎಂಬ ಇನ್ನೊಂದು ಜಾತಿಯ ಕಾಫಿಯುಂಟು. ಪಶ್ಚಿಮ ಆಫ್ರಿಕದ ತಗ್ಗುನಾಡಿನದು. ಅಗಲವಾದ ಎಲೆ, ಮರದಂತೆ ಎತ್ತರ, ಒರಟು ರುಚಿ. ಅರಬಿಕದ ಜೀವಕೋಶದಲ್ಲಿ ೪೪ ವರ್ಣತಂತುಗಳಿದ್ದರೆ ಲೈಬೀರಿಕದಲ್ಲಿ ೨೨. ಇಂಥ ಎರಡು ಜಾತಿಗಳು ಕೂಡಿದರೂ ಸಾಮಾನ್ಯವಾಗಿ ಸಂತಾನ ಬಂಜೆಯಾಗುತ್ತದೆ. ಆದರೆ ಮೈಸೂರು ಸೀಮೆಯ ಒಂದು ತೋಟದಲ್ಲಿ ಇವೆರಡೂ ಯಾರ ನೆರವೂ ಇಲ್ಲದೆ ತಾವಾಗಿ ಕೂಡಿ, ಕಾಯಿ ಕಟ್ಟುವ ಗಿಡವೊಂದು ಹುಟ್ಟಿತ್ತು. ಅದನ್ನು ಎಸ್. ೨೬ ಎಂದು ದಾಖಲು ಮಾಡಿದರು. ಅದರ ಮುಂದಿನ ತಲೆಮಾರಿನಲ್ಲಿ ಆಯ್ದ ಎಸ್. ೨೮೮ ಎಂಬ ಗಿಡವು ಆಗ ತಿಳಿದಿದ್ದ ತುಕ್ಕಿನ ಎರಡು ವಂಶಗಳನ್ನೂ ತಡೆಯಿತು. ಲೈಬೀರಿಕದಿಂದ ಬಂದ ಬೀಗ ಅದು. ಆದರೆ ತಂದೆಯ ಕಡೆಯ ದೋಷಗಳೂ ಜೊತೆಗೆ ಬಂದಿದ್ದವು: ಬೀಜದಲ್ಲಿ ವಿಕಾರ, ರುಚಿಯಲ್ಲಿ ಸಾಧಾರಣ. ಇದನ್ನೇ ನೆಟ್ಟಿದ್ದರೆ ಗಿಡ ಹಸುರಾಗಿಯೂ ಬಟ್ಟಲು ಬಡವಾಗಿಯೂ ಇರುತ್ತಿತ್ತು.

ಆದುದರಿಂದ ಎಸ್. ೨೮೮ನ್ನು ಮತ್ತೆ ಕೆಂಟ್ಸಿನೊಡನೆ ಸಂಕರ ಮಾಡಿದರು. ಒಂದರಿಂದ ತಡೆಯುವ ಶಕ್ತಿ, ಇನ್ನೊಂದರಿಂದ ಬೀಜದ ಅಂದ ಮತ್ತು ಸವಿ. ಹುಟ್ಟಿದ ಸಸಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಸೋಸಿ, ನಿಂತದ್ದನ್ನು ಉಳಿಸಿಕೊಂಡು, ೧೯೪೫-೪೬ರಲ್ಲಿ ತೋಟಗಾರರಿಗೆ ಬೀಜವನ್ನು ಹಂಚಿದರು. ಕಾಫಿಯ ಗಿಡ ಬಿತ್ತಿದ ಮೂರು ನಾಲ್ಕು ವರ್ಷಕ್ಕೆ ಫಲ ಕೊಡತಕ್ಕದ್ದು. ಅದರ ನಡತೆ ತಿಳಿಯಬೇಕಾದರೆ ಇನ್ನೂ ಕೆಲವು ವರ್ಷ ಕಾಯಬೇಕು. ಪ್ರಯೋಗಕ್ಷೇತ್ರ ತೆರೆದು ಇಪ್ಪತ್ತು ವರ್ಷಕ್ಕೆ ಇದು ಕೈಗೆ ಬಂದದ್ದು ವಿಳಂಬವೆಂದು ನಾವು ಹೇಳಲಾರೆವು. ರಾಗಿಯಲ್ಲಿ ಇಪ್ಪತ್ತು ತಲೆಮಾರು ಕಾಣಬಹುದಾದಷ್ಟು ಕಾಲದಲ್ಲಿ ಕಾಫಿಯಲ್ಲಿ ನಾಲ್ಕೈದನ್ನು ಕಂಡರೆ ಹೆಚ್ಚು.

ಇನ್ನು ಗಿಡದ ರೂಪ. ಎಸ್. ೭೯೫ ಎತ್ತರವಾಗಿ, ಅಗಲವಾಗಿ, ಬಲವಾಗಿ ಬೆಳೆಯುವ ಗಿಡ. ತಲೆ ಚಿವುಟದೆ ಬಿಟ್ಟರೆ ಮರವಾಗಲು ಹವಣಿಸುತ್ತದೆ. ಎಳೆಯ ಚಿಗುರು ಕೆಲವು ಗಿಡಗಳಲ್ಲಿ ತಿಳಿಹಸುರು, ಕೆಲವುಗಳಲ್ಲಿ ನಸುತಾಮ್ರ. ಮಾರ್ಚಿ-ಏಪ್ರಿಲಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ರೆಂಬೆಗಳೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಕಂಪು ಬರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಕುಯಿಲು. ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ‘ಎ’ ದರ್ಜೆಯ ದಪ್ಪ ಬೀಜವೇ ಬರುವುದುಂಟು. ಇಂಥ ಹೊಡೆತಕ್ಕೂ ಅಂಥ ಹೊಡೆತಕ್ಕೂ ಸಹಿಸಿಕೊಂಡು, ಸೊರಗಿದ ಮರುವರ್ಷ ಮತ್ತೆ ಚಿಗುರುವ ಶಕ್ತಿ ಇದರ ದೊಡ್ಡ ಗುಣವೆಂದು ತೋಟಗಾರರು ಹೇಳುತ್ತಾರೆ.

ರುಚಿಯ ವಿಷಯದಲ್ಲಿ ಮಾತು ಕಷ್ಟ. ನಾಲಗೆಯ ಅನುಭವವನ್ನು ಕಿವಿಗೆ ಹೇಳುವುದು ಹೇಗೆ? ರುಚಿನೋಡುವ ಪಂಡಿತರು ಇದನ್ನು ಸಮತೋಲದ ಕಾಫಿ ಎನ್ನುತ್ತಾರೆ. ಹುಳಿ ಮುಂದೆ ಬಂದು ಕೂಗುವುದಿಲ್ಲ, ಕಹಿ ಹಿಂದೆ ಉಳಿದು ಕಾಡುವುದಿಲ್ಲ, ಮೈ ತೆಳುವಲ್ಲ. ಒಳಗೆ ಎಲ್ಲಿಯೋ ಮೋಕಾದ ಛಾಯೆ ಇದೆ ಎಂದು ಅವರ ಹೇಳಿಕೆ. ಮೋಕಾ ಎಂಬುದು ಯೆಮನ್ ದೇಶದ ರೇವು. ಬಾಬಾ ಬುಡನರ ಏಳು ಬೀಜಗಳು ಅಲ್ಲಿಂದಲೇ ಬಂದವೆಂದು ಪ್ರತೀತಿ. ಹಾಲು ಸಕ್ಕರೆ ಚಿಕೋರಿಗಳ ಸಂದಣಿಯಲ್ಲಿ ಈ ಛಾಯೆಯನ್ನು ಕಾಣುವೆನೆಂದರೆ ಅದು ಸಂತೆಯಲ್ಲಿ ವೀಣೆ ಕೇಳಿದಂತೆ. ನಮ್ಮ ಫಿಲ್ಟರ್ ಕಾಫಿಯನ್ನು ನಾವು ಹಳಿಯುತ್ತಿಲ್ಲ. ಅದರ ಗಮ್ಮತ್ತೇ ಬೇರೆ. ವಾರಕ್ಕೊಮ್ಮೆಯಾದರೂ ಚಿಕೋರಿಯಿಲ್ಲದ ತೆಳು ಡಿಕಾಕ್ಷನ್ನನ್ನು ಹಾಲಿಲ್ಲದೆ ಕುಡಿದು ನೋಡಿದರೆ, ತಳಿಯೆಂಬುದು ಏನೆಂದು ತಿಳಿದೀತು.

ಈಗ ಕಥೆಯ ಕಷ್ಟದ ಭಾಗ. ಎಸ್. ೭೯೫ ಹಂಚಿಕೆಯಾದ ನಂತರದ ದಶಕಗಳಲ್ಲಿ, ಲೈಬೀರಿಕದ ಬೀಗಕ್ಕೂ ಕೈ ಮಾಡಿಕೊಂಡ ತುಕ್ಕಿನ ವಂಶ ಭಾರತದಲ್ಲಿಯೇ ಕಾಣಿಸಿಕೊಂಡಿತು. ಚಿಕ್ ಹೋದಂತೆ, ಕೂರ್ಗ್ ಹೋದಂತೆ, ಕೆಂಟ್ಸ್ ಹೋದಂತೆ ಇದೂ ಹೋಗಬೇಕಾಗಿತ್ತು. ಹೋಗಲಿಲ್ಲ. ಇದೇ ಈ ತಳಿಯ ವಿಷಯದಲ್ಲಿ ನಮಗೆ ಅತ್ಯಂತ ವಿಚಾರಾರ್ಹವಾಗಿ ತೋರುವುದು. ರೋಗ ಬಂದರೂ ಹಳೆಯ ತಳಿಗಳಷ್ಟು ಬೇಗ ಬೋಳಾಗುವುದಿಲ್ಲ ಎಂಬುದು ಒಂದು ಕಾರಣ. ಆ ಹೊತ್ತಿಗೆ ತೋಟಗಾರರ ಕೈಯಲ್ಲಿ ಔಷಧವಿತ್ತು ಎಂಬುದು ಇನ್ನೊಂದು ಕಾರಣ. ಔಷಧವೆಂದರೆ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಹುಟ್ಟಿ, ೧೮೮೫ರಲ್ಲಿ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕನಿಂದ ಪ್ರಸಿದ್ಧಿಗೆ ಬಂದದ್ದು. ಒಂದು ಕಿಲೋಗ್ರಾಮ್ ಮೈಲುತುತ್ತ, ಒಂದು ಕಿಲೋಗ್ರಾಮ್ ಸುಣ್ಣ, ೨೦೦ ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದರೆ ಆಕಾಶನೀಲಿಯ ದ್ರವವಾಗುತ್ತದೆ. ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಇಳಿದ ಮೇಲೆ ಒಮ್ಮೆ, ಎಲೆಯ ಅಡಿಮೈಗೆ ಹತ್ತುವಂತೆ ಹೊಡೆಯಬೇಕು. ಮೇಲುಮೈಗೆ ಹೊಡೆದು ಬಂದರೆ ನೋಡುವುದಕ್ಕೆ ನೀಲಿಯಾಗಿ ಅಂದವಾಗಿರುತ್ತದೆ. ಅಡಿಯಿಂದ ನುಗ್ಗುವ ರೋಗಕ್ಕೆ ಅದರ ಪರಿವೆಯೇ ಇರುವುದಿಲ್ಲ.

ಹೇಳುವುದಕ್ಕೆ ಇದು ಸುಲಭ. ಭಾಗಮಂಡಲದ ಕಡೆಯ ತೋಟಗಾರನನ್ನು ಕೇಳಬೇಕು. ಮೇ ತಿಂಗಳಲ್ಲಿ ಕುಯಿಲಿನ ಆಳುಗಳು ಊರಿಗೆ ಹೋಗಿರುತ್ತಾರೆ. ಮಳೆ ಒಂದು ವಾರ ಮೊದಲೇ ಹಿಡಿದರೆ ಔಷಧ ಹೊಡೆದದ್ದು ಒಣಗುವುದಿಲ್ಲ. ಜುಲೈಯಲ್ಲಿ ಕಪ್ಪುಕೊಳೆ ಬರುತ್ತದೆ: ಎಲೆ ಕೊಳೆತು, ಬೂಷ್ಟಿನ ನೂಲಿನಲ್ಲಿ ಕಡ್ಡಿಗೆ ನೇತಾಡುತ್ತದೆ. (ಈ ರೋಗದ ಬೂಷ್ಟಿಗೆ ಪಾಶ್ಚಾತ್ಯ ಪಂಡಿತರು ‘ಕೊಳೆರೋಗ’ ಎಂಬ ನಮ್ಮ ಮಾತನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದರು. ಕನ್ನಡವು ಸಸ್ಯಶಾಸ್ತ್ರಕ್ಕೆ ಕೊಟ್ಟ ದತ್ತಿ ಒಂದು ರೋಗದ ಹೆಸರಾಯಿತಲ್ಲ ಎಂದು ನಗುವುದೋ ಅಳುವುದೋ ತಿಳಿಯದು.) ಅದಕ್ಕೆ ಗಿಡದ ನಡುವಿನ ಒತ್ತು ಕಡ್ಡಿಗಳನ್ನು ತೆಗೆದು ಗಾಳಿ ಆಡುವಂತೆ ಮಾಡಬೇಕು, ಮೇಲಿನ ನೆರಳನ್ನು ಕಡಿಮೆ ಮಾಡಬೇಕು. ನೆರಳನ್ನು ಅತಿಯಾಗಿ ಕಡಿದರೆ ಕಾಂಡಕೊರಕ ಕಾದಿರುತ್ತದೆ. ಆ ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗೆ ಸುರಂಗ ತೋಡಿ ಗಿಡವನ್ನು ಕೊಲ್ಲುತ್ತದೆ. ಹುಳು ಹಿಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದಲ್ಲದೆ ಮಾರ್ಗವಿಲ್ಲ. ತುಕ್ಕನ್ನು ಸಹಿಸಬಲ್ಲ ಎಸ್. ೭೯೫ಗೂ ಈ ಹುಳುವಿನ ವಿಷಯದಲ್ಲಿ ರಕ್ಷೆಯಿಲ್ಲ. ನೆರಳು ಹೆಚ್ಚಾದರೆ ಕೊಳೆ, ಕಡಿಮೆಯಾದರೆ ಹುಳು. ಹಾಲುವಾಣದ ಒಂದು ಕೊಂಬೆಯನ್ನು ಕಡಿಯುವುದೋ ಬಿಡುವುದೋ ಎಂಬ ನಿರ್ಣಯದಲ್ಲಿ ತೋಟಗಾರನ ವಿದ್ಯೆಯೆಲ್ಲ ಅಡಗಿದೆ.

ಈ ರಗಳೆ ಬೇಡವೆಂದು ಅನೇಕರು ಅರಬಿಕವನ್ನು ತೆಗೆದು ರೊಬಸ್ಟವನ್ನು ನೆಟ್ಟರು. ರೊಬಸ್ಟ ಬೇರೆ ಜಾತಿ; ತುಕ್ಕಿಗೆ ಅಷ್ಟಾಗಿ ಅಂಜದು, ಕಾಂಡಕೊರಕ ಅದನ್ನು ಕೊಲ್ಲಲಾರದು, ಇಳುವರಿ ಹೆಚ್ಚು. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಕೊಡಗಿನಲ್ಲಿ ಇಂದು ರೊಬಸ್ಟವೇ ಅಧಿಕ. ಆ ಲೆಕ್ಕಾಚಾರವನ್ನು ತಪ್ಪೆನ್ನುವ ಅಧಿಕಾರ ಪಟ್ಟಣದಲ್ಲಿ ಕುಳಿತು ಕುಡಿಯುವ ನಮಗಿಲ್ಲ. ಮಕ್ಕಳ ಶಾಲೆಯ ಫೀಜನ್ನು ಮೋಕಾದ ಛಾಯೆಯಿಂದ ಕಟ್ಟಲಾಗುವುದಿಲ್ಲ. ಇನ್ನು ಕೆಲವರು ಹೊಸ ಅರಬಿಕ ತಳಿಗಳನ್ನು ನಂಬಿದರು. ೧೯೮೦ರ ದಶಕದಲ್ಲಿ ತಲಕಾವೇರಿಯ ನದಿಯ ಹೆಸರನ್ನೇ ಇಟ್ಟು ‘ಕಾವೇರಿ’ ಎಂಬ ಗಿಡ್ಡ ತಳಿ ಬಂದಿತು. ಟಿಮೋರ್ ದ್ವೀಪದಲ್ಲಿ ಅರಬಿಕವೂ ರೊಬಸ್ಟವೂ ಸಹಜವಾಗಿ ಕೂಡಿ ಹುಟ್ಟಿದ ಸಂಕರದ ರಕ್ತ ಅದರಲ್ಲಿತ್ತು. ಒತ್ತೊತ್ತಾಗಿ ನೆಡಬಹುದು, ಬೇಗ ಫಲ, ತುಕ್ಕಿಲ್ಲ ಎಂದು ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಕಳ್ಳನು ಆ ಬೀಗಕ್ಕೂ ಕೈ ಮಾಡಿಸಿಕೊಂಡನು. ೨೦೦೭ರಲ್ಲಿ ಬಂದ ‘ಚಂದ್ರಗಿರಿ’ಯಲ್ಲಿಯೂ ಅದೇ ಟಿಮೋರಿನ ರಕ್ತವಿದೆ. ಇವುಗಳ ನಡುವೆ ಹಳೆಯ ಏಳ್ನೂರ ತೊಂಬತ್ತೈದು, ತುಕ್ಕಿನ ಕಲೆಯನ್ನು ಹೊತ್ತುಕೊಂಡೇ, ರುಚಿಗಾಗಿಯೂ ಬಾಳಿಕೆಗಾಗಿಯೂ ಉಳಿದುಬಂದಿದೆ. ೨೦೧೯ರಲ್ಲಿ ‘ಕೂರ್ಗ್ ಅರಬಿಕ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಮಾನ್ಯತೆ ಸಲ್ಲುವುದು ಸೀಮೆಗೆ. ಸೀಮೆಯಲ್ಲಿ ಯಾವ ತಳಿ ಇದೆ ಎಂಬುದನ್ನು ಅದು ಹೇಳುವುದಿಲ್ಲ.

ಇಲ್ಲಿಯೇ ನಮ್ಮ ಕಳವಳ. ಹಾಪಿಗೂ ಕಾಫಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಾಪನ್ನು ಬೇರಿನ ತುಂಡಿನಿಂದ ಬೆಳೆಸುತ್ತಾರೆ. ಇಂದಿನ ಫಗ್ಲ್ ಬಳ್ಳಿ ಹತ್ತೊಂಬತ್ತನೆಯ ಶತಮಾನದ ಫಗ್ಲ್ ಬಳ್ಳಿಯ ಮೈಯ ತುಣುಕೇ ಆಗಿದೆ. ಎಸ್. ೭೯೫ ಬೆಳೆಯುವುದು ಬೀಜದಿಂದ. ಅರಬಿಕವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದಾದರೂ ನೂರಕ್ಕೆ ಹತ್ತರವರೆಗೆ ಪಕ್ಕದ ಗಿಡದ ಪರಾಗ ಬೆರೆಯುವುದುಂಟು. ಹತ್ತಿರದಲ್ಲಿ ಕಾವೇರಿ ಇದ್ದರೆ ಕಾವೇರಿಯದು, ಚಂದ್ರಗಿರಿ ಇದ್ದರೆ ಅದರದು. ನೆರೆಯವನ ತೋಟದಿಂದ ಬೀಜ ತಂದು, ಅದರ ಮಗಳ ಬೀಜವನ್ನು ಮತ್ತೆ ಬಿತ್ತಿ, ಮೂರು ತಲೆಮಾರು ಕಳೆದ ಮೇಲೆ ಏಳ್ನೂರ ತೊಂಬತ್ತೈದೆಂದು ಕರೆಯಲ್ಪಡುವ ಗಿಡದಲ್ಲಿ ಅದರ ರಕ್ತ ಎಷ್ಟು ಉಳಿದಿದೆ? ತೋಟಗಾರನು ಹೆಸರನ್ನು ನಂಬಿ ಎಂಟು ಹತ್ತು ವರ್ಷ ದುಡಿದ ಮೇಲೆ ಗಿಡವು ತನ್ನ ನಿಜವಾದ ಕುಲವನ್ನು ಹೊರಗೆಡಹುತ್ತದೆ. ಆ ವೇಳೆಗೆ ಕಳೆದ ಕಾಲವನ್ನು ಯಾರೂ ಕೊಡಲಾರರು. ಜಾವಾ ದ್ವೀಪದಲ್ಲಿ ಈ ತಳಿಯನ್ನು ಅಲ್ಲಿಯ ಸಂಶೋಧನಾಲಯವಿರುವ ಊರಿನ ಹೆಸರಿನಿಂದ ‘ಜೆಂಬರ್’ ಎಂದು ಕರೆಯುತ್ತಾರೆ. ಬಾಳೆಹೊನ್ನೂರಿನ ಕೂಸೆಂಬುದು ಅಲ್ಲಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ನಮಗೇ ಗೊತ್ತಿರದಿರುವಾಗ ಅವರನ್ನು ಆಕ್ಷೇಪಿಸುವಂತಿಲ್ಲ.

ನೆಡಬೇಕೆಂಬವರು ಕಾಫಿ ಮಂಡಲಿಯ ಸಂಶೋಧನಾಲಯಗಳಿಂದ ಬೀಜವನ್ನು ತರಿಸಿಕೊಳ್ಳುವುದು ಲೇಸು. ಕೊಡಗಿನಲ್ಲಿಯೇ ಚೆಟ್ಟಳ್ಳಿಯಲ್ಲಿ ೧೯೪೬ರಲ್ಲಿ ಸ್ಥಾಪಿತವಾದ ಉಪಕೇಂದ್ರವಿದೆ. ಕಾಫಿಯ ಬೀಜ ಧಾನ್ಯದಂತೆ ವರ್ಷಗಟ್ಟಲೆ ಕಾಯುವುದಿಲ್ಲ. ಕೆಲವು ತಿಂಗಳಲ್ಲಿ ಜೀವ ಕುಂದುತ್ತದೆ. ಆದುದರಿಂದ ಬಲಿತ ಹಣ್ಣಿನಿಂದ ಸುಲಿದು, ಬೂದಿ ಹಚ್ಚಿ ನೆರಳಿನಲ್ಲಿ ಆರಿಸಿದ ಬೀಜವನ್ನು ಡಿಸೆಂಬರ್-ಜನವರಿಯಲ್ಲಿ, ಸಪಾಟಾದ ಮೈ ಕೆಳಗಾಗುವಂತೆ ಮಡಿಯಲ್ಲಿ ಊರಿ, ಹುಲ್ಲು ಮುಚ್ಚಿ ನೀರು ಕೊಡಬೇಕು. ಸುಮಾರು ನಲವತ್ತೈದು ದಿನಕ್ಕೆ ಮೊಳಕೆಯು ಬೀಜವನ್ನೇ ತಲೆಯ ಮೇಲೆ ಹೊತ್ತು ಮೇಲೇಳುತ್ತದೆ. ತೋಟದವರು ಇದಕ್ಕೆ ‘ಟೋಪಿ’ ಎನ್ನುತ್ತಾರೆ. ಟೋಪಿ ಕಳಚಿ ಎರಡು ದುಂಡನೆಯ ಎಲೆ ಬಿಚ್ಚುವುದಕ್ಕೆ ಮೊದಲೇ ಅದನ್ನು ಎತ್ತಿ ಮಣ್ಣು ತುಂಬಿದ ಚೀಲಕ್ಕೆ ಬದಲಾಯಿಸಬೇಕು. ಆ ಹೊತ್ತಿನಲ್ಲಿ ತಾಯಿಬೇರು ಮಡಿಚಿಕೊಂಡರೆ ಗಿಡ ಬದುಕಿದಷ್ಟು ಕಾಲವೂ ಅದು ನೆಟ್ಟಗಾಗುವುದಿಲ್ಲ.